ಆ್ಯಪ್, ಆನ್‌ಲೈನ್ ಬ್ಯಾಚ್, ಎದುರಿಗಿರುವ ಟೀಚರ್: ನನ್ನ ಸೊಂಟ ಯಾರ ಮಾತು ಕೇಳಿತು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎದುರಿಗೆ ನಿಂತು ತಿದ್ದುವ ಟೀಚರ್‌ಗೆ. ಒಂದು ಯೋಗ ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿ ಕೈ ಸುಟ್ಟುಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಾಗಾಗಿ ಸ್ವಲ್ಪ ಸಿಟ್ಟೂ ಸೇರಿಕೊಂಡಿದೆ.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ದಿನಕ್ಕೆ ಎಂಟು ಗಂಟೆ ಕುರ್ಚಿ ಕೆಲಸ. ಸಂಜೆಯಾದರೆ ಸೊಂಟ ಹಿಡಿದುಕೊಳ್ಳುತ್ತಿತ್ತು, ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಶೀರ್ಷಾಸನ ಹಾಕುವ ಆಸೆ ಇರಲಿಲ್ಲ. ನೆಲಕ್ಕೆ ಬಿದ್ದ ಪೆನ್ನು ಎತ್ತಿಕೊಳ್ಳುವಾಗ ‘ಅಮ್ಮಾ’ ಅನ್ನದಿದ್ದರೆ ಸಾಕಿತ್ತು.

ಆ್ಯಪ್‌ನಲ್ಲಿ ದನಿ ಚೆನ್ನಾಗಿತ್ತು, ಚಿತ್ರ ಚೆನ್ನಾಗಿತ್ತು, ಹತ್ತು ನಿಮಿಷದಿಂದ ಒಂದು ಗಂಟೆವರೆಗಿನ ಪಾಠಗಳಿದ್ದವು. ತೊಂದರೆ ಒಂದೇ. ಅದನ್ನು ನೋಡಬೇಕು.

ಕೇಳಲು ಸಣ್ಣ ವಿಷಯ ಅಲ್ವಾ? ಸೂರ್ಯನಮಸ್ಕಾರವನ್ನೇ ತೆಗೆದುಕೊಳ್ಳಿ. 12 ಹಂತ. ಮುಂದಕ್ಕೆ ಬಗ್ಗಿದಾಗ ಮುಖ ಮೊಣಕಾಲಿನ ಕಡೆ. ಅಷ್ಟಾಂಗ ನಮಸ್ಕಾರದಲ್ಲಿ ಗಲ್ಲ ನೆಲಕ್ಕೆ. ಅಧೋಮುಖ ಶ್ವಾನಾಸನದಲ್ಲಿ ತಲೆ ಎರಡು ತೋಳುಗಳ ನಡುವೆ, ಕತ್ತು ಸಡಿಲ. ಇದರಲ್ಲಿ ಯಾವುದರಲ್ಲೂ ಫೋನು ಕಾಣುವುದಿಲ್ಲ! ಮುಂದೇನು ಅಂತ ತಿಳಿಯಲು ಕತ್ತು ಓರೆ ಮಾಡಿ ಇಣುಕಬೇಕು. ಇಣುಕುವಾಗ ಉಸಿರು ಕಟ್ಟುತ್ತೇನೆ. ಅಷ್ಟರಲ್ಲಿ ಆ್ಯಪ್‌ನಲ್ಲಿ ಮಾಡಿ ತೋರಿಸುವಾಕೆ ಎರಡು ಹಂತ ಮುಂದೆ ಹೋಗಿರುತ್ತಾರೆ.

ಇದರ ಜೊತೆಗೆ ಎಡ-ಬಲದ ಗೋಳು. ‘ಬಲಗಾಲು ಹಿಂದಕ್ಕೆ’ ಅನ್ನುತ್ತದೆ ದನಿ. ನನ್ನ ಕಡೆ ಮುಖ ಮಾಡಿ ನಿಂತವರ ಬಲಗಾಲು ಪರದೆಯಲ್ಲಿ ನನ್ನ ಎಡಕ್ಕೆ ಕಾಣುತ್ತದೆ. ಕಿವಿ ನಂಬಲೋ, ಕಣ್ಣು ನಂಬಲೋ? ವೀರಭದ್ರಾಸನಕ್ಕೆ ತಿರುಗಿದರೆ ಫೋನು ಬೆನ್ನ ಹಿಂದೆ. ಅದನ್ನು ನೆಲಕ್ಕಿಟ್ಟೆ, ನೀರಿನ ಬಾಟಲಿಗೆ ಒರಗಿಸಿದೆ, ಟಿವಿಗೆ ಹಾಕಿದೆ. ಕೊನೆಗೆ ಪರದೆ ಮುಚ್ಚಿ ದನಿ ಮಾತ್ರ ಕೇಳಿದೆ. ‘ಈಗ ಕೈಯನ್ನು ಹೀಗೆ ತನ್ನಿ’ ಅಂದರು. ಹೀಗೆ ಅಂದರೆ ಹೇಗೆ?

ಮೂರನೇ ವಾರಕ್ಕೆ ಕತ್ತು ಹಿಡಿದುಕೊಂಡಿತು. ಸೊಂಟ ಮೊದಲಿನಂತೆಯೇ ಇತ್ತು.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಎರಡನೇ ದಿನವೇ ಆ್ಯಪ್ ಕಪಾಲಭಾತಿ, ಅಂದರೆ ಹೊಟ್ಟೆ ಒಳಗೆಳೆದು ರಭಸದಿಂದ ಉಸಿರು ಹೊರಹಾಕುವುದನ್ನು ಮಾಡಿಸಿತು, ಬಿಪಿ ಇದೆಯಾ ಅಂತ ಒಂದು ಮಾತೂ ಕೇಳದೆ. ಬಿಪಿ ಜಾಸ್ತಿ ಇರುವವರು, ಗರ್ಭಿಣಿಯರು ಅದನ್ನು ಮಾಡಬಾರದು. ಶವಾಸನದ ನಡುವೆ ಫೋನಿಗೆ ಮೆಸೇಜ್ ಬಂದು ಟಿಣ್ ಅನ್ನುವುದು ಆ್ಯಪ್‌ನ ತಪ್ಪಲ್ಲ, ನನ್ನದು.

ಆಮೇಲೆ ಆನ್‌ಲೈನ್ ಬ್ಯಾಚ್. ಇಲ್ಲಿ ಟೀಚರ್ ನಮ್ಮನ್ನು ನೋಡುತ್ತಾರೆ ಅನ್ನುವುದು ಲಾಭ. ಆದರೆ ನನ್ನ ಕೋಣೆಯ ಅಳತೆಗೆ ಕ್ಯಾಮೆರಾದಲ್ಲಿ ತಲೆ ಬಂದರೆ ಕಾಲಿಲ್ಲ, ಕಾಲು ಬಂದರೆ ತಲೆಯಿಲ್ಲ. ಒಂದು ದಿನ ಟೀಚರ್ ನನ್ನ ಎರಡು ಪಾದ ನೋಡಿಯೇ ‘ತುಂಬಾ ಚೆನ್ನಾಗಿದೆ’ ಅಂದರು. ಪ್ರಾಣಾಯಾಮ ಕಲಿಯಲು ಇದು ಸಾಕು. ಮನೆ ಬಿಟ್ಟು ಹೊರಡಲು ಆಗದವರಿಗೆ ನಾನು ಇದನ್ನೇ ಹೇಳುತ್ತೇನೆ.

ದೊಡ್ಡ ಸಭಾಂಗಣದ ಗುಂಪು ತರಗತಿಗೂ ಸ್ವಲ್ಪ ದಿನ ಹೋದೆ. ಜೂನ್ 21ರ ಯೋಗ ದಿನಕ್ಕೆ ಎಲ್ಲ ಕಡೆ ಮಾಡಿಸುವ 45 ನಿಮಿಷದ ಕ್ರಮ ಇದೆಯಲ್ಲ, ಅದೇ. ಕ್ರಮ ಒಳ್ಳೆಯದು: ಮೊದಲು ಕತ್ತು, ಭುಜ, ಸೊಂಟ ಸಡಿಲ ಮಾಡಿಸಿ ಆಮೇಲೆ ಆಸನಕ್ಕೆ ಬರುತ್ತಾರೆ. ನಾನು ಹಿಂದಿನ ಸಾಲಿನಲ್ಲಿದ್ದೆ. ಮುಂದಿನವರನ್ನು ನೋಡಿ ಮಾಡುತ್ತಿದ್ದೆ. ಅವರು ಅವರ ಮುಂದಿನವರನ್ನು ನೋಡುತ್ತಿದ್ದರು. ತಪ್ಪು ಸಾಲುಸಾಲಾಗಿ ಹಿಂದಕ್ಕೆ ಬರುತ್ತಿತ್ತು.

ಇನ್ನು ನನಗೆ ಹಿಡಿಸಿದ್ದು. ಇದಕ್ಕೆ ಎಲ್ಲ ಕಡೆ ‘ಮೈಸೂರು ಸ್ಟೈಲ್’ ಅನ್ನುತ್ತಾರೆ. ಮೈಸೂರಿನಲ್ಲಿ ಯೋಗಗುರು ಪಟ್ಟಾಭಿ ಜೋಯಿಸರು ಕಲಿಸುತ್ತಿದ್ದ ರೀತಿಯಿಂದ ಬಂದ ಹೆಸರು. ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತಾರೆ, ಆದರೆ ಯಾರೂ ಒಟ್ಟಿಗೆ ಮಾಡುವುದಿಲ್ಲ. ಬಾಯಿಪಾಠವಾದ ಕ್ರಮವನ್ನು ತಮ್ಮ ತಮ್ಮ ಉಸಿರಿಗೆ ತಕ್ಕಂತೆ ಮಾಡುತ್ತಾರೆ. ಟೀಚರ್ ಸುತ್ತಾಡುತ್ತಾ ಒಬ್ಬೊಬ್ಬರನ್ನೇ ತಿದ್ದುತ್ತಾರೆ. ನನ್ನ ಟೀಚರ್ ಇದಕ್ಕೆ ಬಿ.ಕೆ.ಎಸ್. ಅಯ್ಯಂಗಾರ್ ಪದ್ಧತಿಯ ಬೆಲ್ಟು, ಮರದ ಬ್ಲಾಕು, ಕಂಬಳಿಗಳನ್ನೂ ಸೇರಿಸಿಕೊಂಡಿದ್ದಾರೆ. ಹಾಗೆ ಬೆರೆಸಬಾರದು ಅನ್ನುವ ಶಿಸ್ತಿನವರೂ ಇದ್ದಾರೆ. ಜೋಯಿಸರೂ ಅಯ್ಯಂಗಾರರೂ ಇಬ್ಬರೂ 1930ರ ದಶಕದಲ್ಲಿ ಮೈಸೂರಿನಲ್ಲಿ ಕಲಿಸುತ್ತಿದ್ದ ಟಿ. ಕೃಷ್ಣಮಾಚಾರ್ಯರ ಶಿಷ್ಯರೇ. ಹಾಗಾಗಿ ನನಗಂತೂ ಬೆರಕೆ ಅನ್ನಿಸಲಿಲ್ಲ.

ಮೊದಲ ದಿನ ಆಸನವೇ ಇಲ್ಲ, ಬರೀ ಪ್ರಶ್ನೆ. ಬಿಪಿ ಇದೆಯಾ? ಆಪರೇಷನ್ ಆಗಿದೆಯಾ? ಕಣ್ಣಿನಲ್ಲಿ ಗ್ಲಾಕೋಮಾ ಇದೆಯಾ? ತಲೆ ಕೆಳಗಾದರೆ ಕಣ್ಣಿನ ಒತ್ತಡ ಏರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಮೊದಲ ವಾರ ಪೂರ್ತಿ ಸೂರ್ಯನಮಸ್ಕಾರ ಬಿಟ್ಟು ಬೇರೇನೂ ಹೇಳಿಕೊಡಲಿಲ್ಲ. ಬೇಜಾರಾಯಿತು, ನಿಜ.

ಮೂರನೇ ವಾರ ಪಶ್ಚಿಮೋತ್ತಾನಾಸನ. ನಾನು ಕಾಲು ಚಾಚಿ ಕೂತು, ಹೇಗಾದರೂ ಹೆಬ್ಬೆರಳು ಹಿಡಿಯಬೇಕು ಅಂತ ಬೆನ್ನು ಬಿಲ್ಲು ಮಾಡಿ ಎಳೆಯುತ್ತಿದ್ದೆ. ಆ್ಯಪ್‌ನಲ್ಲೂ ಹಾಗೇ ಮಾಡುತ್ತಿದ್ದೆ, ಅದು ‘ಶಭಾಷ್’ ಅನ್ನುತ್ತಿತ್ತು. ಟೀಚರ್ ನಿಲ್ಲಿಸಿದರು. ಮಡಚಿದ ಕಂಬಳಿಯ ಮೇಲೆ ಕೂರಿಸಿ, ಮೊಣಕಾಲು ಸ್ವಲ್ಪ ಮಡಿಸಿ, ‘ಬೆನ್ನಿನಿಂದ ಬೇಡ, ತೊಡೆ ಸೇರುವ ಜಾಗದಿಂದ ಬಗ್ಗಿ’ ಅಂದರು. ತೊಡೆಯ ಹಿಂದಿನ ಸ್ನಾಯು ಬಿಗಿಯಾಗಿದ್ದರೆ ಅದು ಕಟಿಯ ಮೂಳೆಯನ್ನು ಹಿಂದಕ್ಕೆ ಜಗ್ಗುತ್ತದೆ. ಆಗ ಬಗ್ಗುವ ಭಾರವೆಲ್ಲ ಕೆಳಬೆನ್ನಿಗೆ ಬೀಳುತ್ತದೆ. ಹೆಬ್ಬೆರಳು ಒಂದು ಗೇಣು ದೂರವೇ ಉಳಿಯಿತು. ಆದರೆ ಸೊಂಟ ಮೊದಲ ಸಲ ಸುಮ್ನೆ ಇತ್ತು.

ಮನೆಗೆ ಬಂದು ನೀರಿನ ಕ್ಯಾನ್ ಎತ್ತುವಾಗ ಗೊತ್ತಾಯಿತು, ಅಲ್ಲೂ ಅದೇ ತಪ್ಪು ಮಾಡುತ್ತಿದ್ದೆ. ಪೆನ್ನಿಗೂ ಅದೇ. ಈಗ ಮೊಣಕಾಲು ಮಡಿಸಿ, ಬೆನ್ನು ನೇರ ಇಟ್ಟು ಬಗ್ಗುತ್ತೇನೆ. ಸಾಲಿನಲ್ಲಿ ಕಾಯುವಾಗ ಒಂದೇ ಕಾಲಿನ ಮೇಲೆ ಭಾರ ಹಾಕುವ ಚಟ, ಎರಡೂ ಪಾದಗಳ ಮೇಲೆ ಸಮವಾಗಿ ನೆಟ್ಟಗೆ ನಿಲ್ಲುವ ತಾಡಾಸನದಿಂದ ಕಡಿಮೆಯಾಯಿತು. ಕಷ್ಟದ ಫೋನ್ ಕರೆಗೆ ಮುಂಚೆ ನಾಲ್ಕು ಎಣಿಸಿ ಉಸಿರು ತೆಗೆದುಕೊಂಡು, ಆರು ಎಣಿಸಿ ಬಿಡುತ್ತೇನೆ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ, ಅದನ್ನು ಉದ್ದ ಮಾಡುವುದಷ್ಟೇ ಕೆಲಸ. ನಿದ್ದೆ ಬಾರದ ರಾತ್ರಿ ಗೋಡೆಗೆ ಕಾಲು ಚಾಚಿ ಹತ್ತು ನಿಮಿಷ ಮಲಗುತ್ತೇನೆ. ಇದಕ್ಕೆಲ್ಲ ಪರದೆ ಬೇಡ, ಚಾಪೆಯೂ ಬೇಡ.

ಪವಾಡ ಆಗಿಲ್ಲ. ತುಂಬಾ ಹೊತ್ತು ಕೂತರೆ ಸೊಂಟ ಈಗಲೂ ನೆನಪು ಮಾಡುತ್ತದೆ. ಹಳೆಯ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ್ದರಲ್ಲಿ ಯೋಗವನ್ನೂ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ಅಲ್ಲಿನ ವೈದ್ಯರ ಸಂಘ 2017ರಲ್ಲಿ ಸೇರಿಸಿತು. ವ್ಯಾಯಾಮ, ಅಕ್ಯುಪಂಕ್ಚರ್ ಕೂಡ ಅದೇ ಪಟ್ಟಿಯಲ್ಲಿವೆ.

ಟೀಚರ್ ದಾರಿಯ ಕಷ್ಟ ಎರಡು. ಖರ್ಚು ಜಾಸ್ತಿ. ಬೆಳಿಗ್ಗೆ ಬೇಗ ಏಳಬೇಕು, ಅದೂ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ನಾನು ಮೂರು ತಿಂಗಳು ವಾರಕ್ಕೆ ಮೂರು ದಿನ ಹೋದೆ. ಕ್ರಮ ಬಾಯಿಪಾಠವಾದ ಮೇಲೆ ವಾರಕ್ಕೆ ಒಂದೇ ದಿನ, ಉಳಿದ ದಿನ ಮನೆಯಲ್ಲಿ ಇಪ್ಪತ್ತು ನಿಮಿಷ. ಹೀಗಾದಾಗ ನನ್ನ ಜೇಬಿಗೂ ಹೊಂದಿತು. ದಿನಕ್ಕೊಂದು ಹೊಸದು ಬೇಕು ಅನ್ನುವವರಿಗೆ ಇದು ಸರಿಹೋಗಲಿಕ್ಕಿಲ್ಲ. ನನಗೆ ದಿನವೂ ಅದೇ ಲೋಟದಲ್ಲಿ ನೀರು ಕುಡಿಯುವ ಅಭ್ಯಾಸ, ಹಾಗಾಗಿ ಒಗ್ಗಿತು.

ಆ್ಯಪ್‌ನ ಚಂದಾ ಇನ್ನೂ ನಾಲ್ಕು ತಿಂಗಳಿದೆ. ಶವಾಸನ ಮುಗಿಯುವಾಗ ಬಾರಿಸುವ ಗಂಟೆಗೆ ಮಾತ್ರ ಅದನ್ನು ಬಳಸುತ್ತಿದ್ದೇನೆ. ಗಂಟೆ ಮಾತ್ರ ಚೆನ್ನಾಗಿದೆ.