‘ಕ್ಲಬ್’: ಪ್ರೀತಿಗೂ ತೆರಿಗೆ ಬಿದ್ದ ಕಾಲದ ಕಥೆ

ನೆಟ್‌ಫ್ಲಿಕ್ಸ್‌ನ ಟರ್ಕಿ ಸರಣಿ ‘ಕ್ಲಬ್’ (ಮೂಲ ಹೆಸರು ‘ಕುಲುಪ್’, 2021) ನೋಡಿ ಮುಗಿಸಿದೆ. ಮನಸ್ಸು ಇನ್ನೂ 1955ರ ಇಸ್ತಾಂಬುಲ್‌ನಲ್ಲೇ ಇದೆ.

ಕೊಲೆ ಮಾಡಿ ಜೈಲಿಗೆ ಹೋಗಿದ್ದ ಯಹೂದಿ ಹೆಂಗಸು ಮಟಿಲ್ಡಾ ಕ್ಷಮಾದಾನದಿಂದ ಹೊರಬರುತ್ತಾಳೆ. ಅನಾಥಾಶ್ರಮದಲ್ಲಿ ಬೆಳೆದ ಮಗಳು ರಾಶೆಲ್ ಮುಸ್ಲಿಂ ಟ್ಯಾಕ್ಸಿ ಚಾಲಕ ಇಸ್ಮೆತ್‌ನನ್ನು ಪ್ರೀತಿಸುತ್ತಿದ್ದಾಳೆ. ತಾಯಿಗೆ ಅದು ಬೇಡ. ಬರೀ ಮಡಿವಂತಿಕೆ ಅಂತ ಮೊದಲು ಅನ್ನಿಸೀತು, ಆದರೆ ಅವಳ ಭಯಕ್ಕೆ ಬೇರು 1942ರಲ್ಲಿದೆ. ಆ ವರ್ಷ ಸರ್ಕಾರ ತಂದ ಆಸ್ತಿ ತೆರಿಗೆಯಲ್ಲಿ ಯಹೂದಿ, ಗ್ರೀಕ್, ಅರ್ಮೇನಿಯನ್ನರಿಗೆ ಮುಸ್ಲಿಮರಿಗಿಂತ ಹಲವು ಪಟ್ಟು ಹೆಚ್ಚು ಹೊರೆ. ಕಟ್ಟಲಾಗದವರನ್ನು ಪೂರ್ವದ ಕೊರೆಯುವ ಚಳಿಯ ಅಷ್ಕಾಲೆಗೆ ಕೂಲಿ ಶಿಬಿರಕ್ಕೆ ಅಟ್ಟಿದರು. ಮನೆತನಗಳೇ ಬರಿಗೈಯಾದವು, ಮಟಿಲ್ಡಾಳದೂ ಅವುಗಳಲ್ಲೊಂದು.

ಗೋಕ್ಚೆ ಬಹಾದಿರ್ ಮಟಿಲ್ಡಾಳ ಪಾತ್ರದಲ್ಲಿ ಅಳುವುದೇ ಕಡಿಮೆ. ದವಡೆ ಬಿಗಿದು ಬಟ್ಟೆ ಮಡಚುವಾಗಲೇ ಎದೆ ಹಿಂಡುತ್ತದೆ. ಮನೆಮಾತಾಗಿ ಲಾಡಿನೊ (ಸ್ಪ್ಯಾನಿಷ್ ಮೂಲದ ಯಹೂದಿಗಳ ಭಾಷೆ) ಕೇಳಿಸುವುದು ನನಗೆ ತುಂಬ ಹಿಡಿಸಿತು. ಮಟಿಲ್ಡಾ ಕೆಲಸಕ್ಕೆ ಸೇರುವ ನೈಟ್‌ಕ್ಲಬ್ಬಿನ ಮಾಲೀಕ ಒರ್ಹಾನ್ ತಾನು ಗ್ರೀಕ್ ಎಂಬುದನ್ನೇ ಬಚ್ಚಿಟ್ಟು ಬದುಕುತ್ತಾನೆ; ನನ್ನ ಪ್ರಕಾರ ಪ್ರೇಮಕಥೆಗಿಂತ ಆ ಎಳೆಯೇ ಗಟ್ಟಿ. ಇಸ್ಮೆತ್‌ನ ಹುಂಬತನವನ್ನು ಸರಣಿ ಬೇಗ ಕ್ಷಮಿಸಿಬಿಡುತ್ತದೆ, ನಡುವಿನ ಕಂತುಗಳು ಎಳೆದಂತಿವೆ.

1955ರ ಸೆಪ್ಟೆಂಬರ್ 6ರ ರಾತ್ರಿಯ ಗಲಭೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಅಲ್ಪಸಂಖ್ಯಾತರ ಅಂಗಡಿಗಳು ಪುಡಿಯಾಗುವ ಆ ಬೀದಿಯನ್ನು ಟರ್ಕಿಯವರೇ ಇಷ್ಟು ನೇರವಾಗಿ ತೋರಿಸಿದ್ದಾರೆ. ಡಬ್ಬಿಂಗ್ ಬೇಡ, ಮೂಲ ಧ್ವನಿಯಲ್ಲೇ ನೋಡಿ.