ಬೆರಳ ತುದಿಯಿಲ್ಲದ ಗ್ಲೌಸ್: ಆರು ಪಂದ್ಯಗಳ ನಂತರ

ಪೊಟ್ಟಣ ಬಿಚ್ಚಿದಾಗ ಮನೆಯವರೆಲ್ಲ ಇದನ್ನು ತೋಟದ ಕೆಲಸಕ್ಕೆ ತರಿಸಿದ ಗ್ಲೌಸ್ ಅಂದುಕೊಂಡರು. ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಹಿಂದೆ ನಿಂತು ಚೆಂಡು ಹಿಡಿಯುವ ಕ್ಯಾಚರ್ ಅಂದರೆ ಈಗ ಎಲ್ಲರ ಕಣ್ಣಿಗೆ ಬರುವುದು ಎಡಗೈಯಲ್ಲಿ ದಿಂಬಿನಷ್ಟು ದಪ್ಪದ ಗ್ಲೌಸ್, ಅಂದರೆ ಮಿಟ್. ಹ್ಯಾರಿ ಡೆಕರ್ ಎಂಬ ಕ್ಯಾಚರ್ ಅಂಥ ಮಿಟ್‌ಗೆ ಪೇಟೆಂಟ್ ಪಡೆದದ್ದು 1889ರಲ್ಲಿ. ನಾನು ಕೊಂಡದ್ದು ಅದಕ್ಕೂ ಹಿಂದಿನ ಕಾಲದ್ದರ ನಕಲು: ಎರಡೂ ಕೈಗೆ ಒಂದೊಂದು ತೆಳು ಕುರಿಚರ್ಮದ ಗ್ಲೌಸ್, ಬೆರಳುಗಳ ತುದಿ ಕತ್ತರಿಸಿದ್ದು, ಅಂಗೈಯಲ್ಲಿ ಮಾತ್ರ ಸ್ವಲ್ಪ ಮೆತ್ತೆ. ಬೆಲೆ 85 ಡಾಲರ್. ಕಾಗದದ ಮೇಲೆ ಕೈಯಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕಳಿಸಿದರೆ ಆ ಅಳತೆಗೆ ಹೊಲಿದುಕೊಡುತ್ತಾರೆ. ನನಗೆ ಐದು ವಾರ ಹಿಡಿಯಿತು.

ಅಮೆರಿಕದ ಓಹಾಯೊ ರಾಜ್ಯದಲ್ಲಿ ನಾನು ಆಡುವ ಕ್ಲಬ್ಬಿನಲ್ಲಿ ಹತ್ತೊಂಬತ್ತನೇ ಶತಮಾನದ ನಿಯಮಗಳ ಪ್ರಕಾರ ಆಡುತ್ತೇವೆ. ಬಹುಪಾಲು ಪಂದ್ಯಗಳು 1860ರ ದಶಕದ ರೀತಿಯವು, ಎಲ್ಲರದೂ ಬರಿಗೈ. ವರ್ಷಕ್ಕೆ ಕೆಲವು ಪಂದ್ಯ ಮಾತ್ರ 1884ರ ನಿಯಮದ್ದು. ಆಗ ಪಿಚರ್ ಚೆಂಡೆಸೆಯುವ ಗೆರೆ ಬರೀ 50 ಅಡಿ ದೂರದಲ್ಲಿರುತ್ತದೆ. ಇವತ್ತಿನ ಆಟದಲ್ಲಿ ಆ ದೂರ 60 ಅಡಿ 6 ಅಂಗುಲ. ಹತ್ತು ಅಡಿ ಏನು ಮಹಾ ಅನ್ನುವವರು ಒಮ್ಮೆ ಬ್ಯಾಟರ್ ಹಿಂದೆ ಬಂದು ನಿಲ್ಲಬೇಕು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಚರ್ಮ ನಿಜಕ್ಕೂ ಚೆನ್ನಾಗಿದೆ. ಎರಡನೇ ಪಂದ್ಯದ ಬೆವರು ಕುಡಿದ ಮೇಲೆ ಕೈಗೆ ಕಚ್ಚಿ ಕೂತಿತು. ಬೆರಳ ತುದಿ ಯಾಕೆ ಕತ್ತರಿಸುತ್ತಿದ್ದರು ಎಂಬುದು ಹಾಕಿಕೊಂಡು ಎಸೆದಾಗಲೇ ಅರ್ಥವಾದದ್ದು. ಕ್ಯಾಚರ್ ನಿಂತ ಜಾಗದಿಂದ ಎರಡನೇ ಬೇಸ್‌ಗೆ 127 ಅಡಿ. ಓಡುವವನು ಬೇಸ್ ಕದಿಯಲು, ಅಂದರೆ ಬ್ಯಾಟರ್ ಹೊಡೆಯದೆಯೇ ಮುಂದಿನ ಬೇಸ್ ಮುಟ್ಟಲು, ಹೊರಟಾಗ ಚೆಂಡನ್ನು ಹಿಡಿದ ಕ್ಷಣವೇ ಎಸೆಯಬೇಕು. ಚೆಂಡಿನ ಹೊಲಿಗೆಯ ಗೆರೆ ಬೆರಳಿಗೆ ಸಿಗದಿದ್ದರೆ ಎಸೆತ ಎಲ್ಲಿಗೋ ಹೋಗುತ್ತದೆ. ಈ ಗ್ಲೌಸ್‌ನಲ್ಲಿ ಅದು ತಕ್ಷಣ ಸಿಗುತ್ತದೆ.

ದೂರುಗಳೂ ಇವೆ. ಬಲಗೈಯ ತೋರುಬೆರಳಿನ ಬುಡದ ಹೊಲಿಗೆ ಮೂರನೇ ಪಂದ್ಯಕ್ಕೇ ಬಿಟ್ಟಿತು. ಎಡ ಅಂಗೈಯ ಮೆತ್ತೆ ಮುಂಗೈ ಕಡೆಗೆ ಜಾರುತ್ತಿದೆ, ಚೆಂಡು ಬಂದು ಬಡಿಯುವ ಜಾಗವೇ ಖಾಲಿ. ಪತ್ರ ಬರೆದೆ. ಹೊಲಿದವರು ಮೇಣ ಹಚ್ಚಿದ ದಾರ ಕಳಿಸಿದರು, ಉತ್ತರ ಬರೆಯಲಿಲ್ಲ.

ಹನ್ನೆರಡು ವರ್ಷ ವಿಕೆಟ್ ಕೀಪಿಂಗ್ ಮಾಡಿದವನು ನಾನು. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಬೇಸ್‌ಬಾಲ್ ಹೆಚ್ಚೆಂದರೆ 149. ಹಗುರವಾದ ಚೆಂಡು, ಏನಾಗುತ್ತದೆ ಅಂದುಕೊಂಡಿದ್ದೆ. ಆದರೆ ಇಲ್ಲಿ ನೆಲಕ್ಕೆ ಬಿದ್ದು ವೇಗ ಕಳೆದುಕೊಳ್ಳುವ ಮಾತೇ ಇಲ್ಲ, ಬ್ಯಾಟಿನ ಅಂಚು ಸವರಿದ್ದು ನೇರ ಬೆರಳಿಗೇ ಬರುತ್ತದೆ.

ಈ ಗ್ಲೌಸ್ ಕೊಳ್ಳಲು ಕಾರಣ ಮೋಸೆಸ್ ಫ್ಲೀಟ್‌ವುಡ್ ವಾಕರ್. 1884ರಲ್ಲಿ ಅಮೆರಿಕನ್ ಅಸೋಸಿಯೇಷನ್ ಲೀಗಿನ ಟೊಲೆಡೊ ಬ್ಲೂ ಸ್ಟಾಕಿಂಗ್ಸ್ ತಂಡದ ಕ್ಯಾಚರ್. ತಾವು ಕಪ್ಪುವರ್ಣೀಯರೆಂಬುದನ್ನು ಮುಚ್ಚಿಡದೆ ಮೇಜರ್ ಲೀಗ್‌ನಲ್ಲಿ, ಅಂದರೆ ಅತ್ಯುನ್ನತ ದರ್ಜೆಯ ಬೇಸ್‌ಬಾಲ್‌ನಲ್ಲಿ, ಆಡಿದ ಮೊದಲಿಗರು. ಆ ವರ್ಷ ಅವರೂ ಅವರ ತಮ್ಮ ವೆಲ್ಡಿಯೂ ಆಡಿದ ಮೇಲೆ ಇನ್ನೊಬ್ಬ ಕಪ್ಪು ಆಟಗಾರ ಬರಲು 1947ರಲ್ಲಿ ಜಾಕಿ ರಾಬಿನ್ಸನ್‌ವರೆಗೆ ಕಾಯಬೇಕಾಯಿತು. ವಾಕರ್ ಆಡಿದ್ದು 42 ಪಂದ್ಯ, ಬ್ಯಾಟಿಂಗ್ ಸರಾಸರಿ .263, ಅಂದರೆ ಸುಮಾರು ನಾಲ್ಕು ಸಲಕ್ಕೆ ಒಂದು ಹಿಟ್. ತಂಡದ ಬ್ಯಾಟು ಹೊರುತ್ತಿದ್ದ ಹುಡುಗ ಮುಂದೆ ನೆನಪಿಸಿಕೊಂಡಂತೆ, ಅವರು ಆಗೀಗ ಹಾಕುತ್ತಿದ್ದದ್ದು ಅಂಗೈಗೆ ತುಸು ಮೆತ್ತೆಯಿಟ್ಟ ಸಾಧಾರಣ ಕುರಿಚರ್ಮದ ಗ್ಲೌಸ್. ಹೆಚ್ಚಿನ ಪಂದ್ಯಗಳಲ್ಲಿ ಅದೂ ಇಲ್ಲ.

ಅವರಿಗೆ ಮುಂಚಿನ ಕ್ಯಾಚರ್‌ಗಳ ಪಾಡೂ ಸುಖದ್ದಲ್ಲ. ಸಿನ್ಸಿನಾಟಿಯ ಡಗ್ ಅಲಿಸನ್ 1870ರಲ್ಲೇ ನೊಂದ ಕೈಗೆ ಚರ್ಮದ ಗ್ಲೌಸ್ ಹಾಕಿದ್ದರು. 1871ರ ಮೇ 4ರಂದು ಮೊದಲ ವೃತ್ತಿಪರ ಲೀಗಿನ ಮೊದಲ ಪಂದ್ಯದಲ್ಲಿ ಮೊದಲು ಬ್ಯಾಟ್ ಹಿಡಿದ ಡೀಕನ್ ವೈಟ್ ಕೂಡ ಬರಿಗೈಯಲ್ಲಿ ಚೆಂಡು ಹಿಡಿದು ಬೆಳೆದ ಕ್ಯಾಚರ್. ಮುಖಕ್ಕೆ ತಂತಿಯ ಮಾಸ್ಕ್ ಬಂದದ್ದು 1877ರಲ್ಲಿ, ಹಾರ್ವರ್ಡ್‌ನ ಫ್ರೆಡ್ ಥೇಯರ್ ಕತ್ತಿವರಸೆಯವರ ಮಾಸ್ಕ್ ನೋಡಿ ಮಾಡಿಸಿದ್ದು. ಆದರೆ ಇವರೆಲ್ಲರಿಗೂ ಒಂದು ಆಸರೆ ಇತ್ತು: ಪಿಚರ್ ಅವರ ಪರವಾಗಿದ್ದ.

ವಾಕರ್ ಅವರಿಗೆ ಅದೂ ಇರಲಿಲ್ಲ. ಟೊಲೆಡೊದ ಮುಖ್ಯ ಪಿಚರ್ ಟೋನಿ ಮುಲೇನ್ ಆ ವರ್ಷ 36 ಪಂದ್ಯ ಗೆದ್ದ. 1919ರಲ್ಲಿ ಅವನೇ ಒಪ್ಪಿಕೊಂಡ: ತಾನು ಕಂಡ ಅತ್ಯುತ್ತಮ ಕ್ಯಾಚರ್ ವಾಕರ್, ಆದರೂ ಕಪ್ಪು ಮನುಷ್ಯ ಅನ್ನುವ ಕಾರಣಕ್ಕೆ ಯಾವ ಎಸೆತ ಬೇಕೆಂದು ಅವರು ಕೊಡುವ ಸನ್ನೆ ನೋಡದೆ ಮನಬಂದಂತೆ ಎಸೆಯುತ್ತಿದ್ದೆ ಎಂದು. ಒಮ್ಮೆ ವಾಕರ್ ಅವನ ಬಳಿಗೆ ನಡೆದುಹೋಗಿ, ಸನ್ನೆಯೇ ಇಲ್ಲದೆ ಬೇಕಾದರೆ ಹಿಡಿಯುತ್ತೇನೆ, ಸನ್ನೆ ಕೊಟ್ಟ ಮೇಲೆ ಬೇರೆ ಎಸೆದರೆ ಹಿಡಿಯುವುದಿಲ್ಲ ಅಂದರಂತೆ. ಅಲ್ಲಿಂದ ಮುಂದೆ ಏನು ಬರುತ್ತದೆಂದು ತಿಳಿಯದೆಯೇ ಹಿಡಿದರು.

ಇದನ್ನು ಓದಿದಾಗಿನಿಂದ ನನಗೆ ನಿದ್ದೆಯಲ್ಲೂ ಅದೇ. ಆರನೇ ಪಂದ್ಯದಲ್ಲಿ ನಮ್ಮ ಪಿಚರ್‌ನನ್ನು ಕೇಳಿಕೊಂಡೆ: ಒಂದು ಇನ್ನಿಂಗ್ಸ್ ನಾನು ಸನ್ನೆ ಕೊಡುವುದಿಲ್ಲ, ನಿನಗೆ ತೋಚಿದ್ದು ಎಸೆ. ಅವನು ನನ್ನ ಗೆಳೆಯ, ವಾರವಿಡೀ ಕಚೇರಿಯಲ್ಲಿ ಕೂರುವ ಐವತ್ತರ ಮನುಷ್ಯ. ಮೂರು ಚೆಂಡು ನನ್ನನ್ನು ದಾಟಿ ಹೋದವು. ನಾಲ್ಕನೆಯದು ಹೊರಗೆ ಹೋಗುತ್ತದೆಂದು ಕೈ ಚಾಚಿದೆ, ಅದು ಒಳಗೆ ತಿರುಗಿ ಎಡ ಉಂಗುರದ ಬೆರಳ ತುದಿಗೇ ಬಡಿಯಿತು. ಅದು ಗ್ಲೌಸ್ ಮುಚ್ಚದ ಜಾಗ. ಎರಡು ವಾರ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಸನ್ನೆ ಇದ್ದಾಗ ಬೆರಳುಗಳು ಚೆಂಡು ಬರುವ ಮೊದಲೇ ಮಡಿಯಲು ಅಣಿಯಾಗಿರುತ್ತವೆ, ನನಗೇ ಗೊತ್ತಿಲ್ಲದಂತೆ. ಆ ಒಂದು ಇನ್ನಿಂಗ್ಸ್‌ನಲ್ಲಿ ಅದು ಕಳೆದುಹೋಗಿತ್ತು. ಈ ಗ್ಲೌಸ್ ಉಳಿಸುವುದು ಅಂಗೈಯನ್ನು ಮಾತ್ರ.

1884ರ ನಿಯಮದ ಪಂದ್ಯ ಆಡುವವರು ಧೈರ್ಯವಾಗಿ ಕೊಳ್ಳಿ. ಕೈಯ ಗೆರೆ ಎಳೆಯುವಾಗ ಪೆನ್ಸಿಲನ್ನು ಬೆರಳಿಗೆ ಒತ್ತಿ ಹಿಡಿಯಿರಿ, ಸಡಿಲವಾದರೆ ಮೆತ್ತೆ ಜಾರುತ್ತದೆ. ನನ್ನದು ಜಾರಲು ಅರ್ಧ ಕಾರಣ ಅದೇ ಇರಬೇಕು. ಮುಂದಿನ ತಿಂಗಳ ಪಂದ್ಯ ಟೊಲೆಡೊದಲ್ಲಿ. ಅಷ್ಟರೊಳಗೆ ಎಡಗೈಯದನ್ನು ಬಿಚ್ಚಿ, ಕಳಿಸಿದ ದಾರದಲ್ಲಿ ನಾನೇ ಹೊಲಿಯುತ್ತೇನೆ.