ಹಳ್ಳಗಳ ಸುತ್ತ ಬಫರ್: ಕ್ಯೂಜಿಐಎಸ್, ಪೋಸ್ಟ್‌ಜಿಐಎಸ್, ರಾಸ್ಟರ್

ಹೇಮಾವತಿ, ಯಗಚಿ, ಭದ್ರಾ ನದಿಗಳಿಗೆ ಸೇರುವ ಹಳ್ಳಗಳ ಗೆರೆಪದರಕ್ಕೆ (ಡಿಜಿಟಲ್ ನಕ್ಷೆಯಲ್ಲಿ ಹಳ್ಳಗಳನ್ನು ಗೆರೆಗಳಾಗಿ ತೋರಿಸುವ ಪದರ) 500 ಮೀಟರ್ ಬಫರ್, ಅಂದರೆ ಗೆರೆಯ ಸುತ್ತ ಅಷ್ಟು ದೂರದ ಪಟ್ಟಿ, ಹಾಕುವ ಕೆಲಸಕ್ಕೆ ಮೂರು ದಾರಿಗಳನ್ನೂ ಹಚ್ಚಿ ನೋಡಿದ್ದೇವೆ: ನಕ್ಷೆ ತಂತ್ರಾಂಶ ಕ್ಯೂಜಿಐಎಸ್, ನಕ್ಷೆಯ ದತ್ತಾಂಶಕ್ಕೆಂದೇ ಇರುವ ಡೇಟಾಬೇಸ್ ಪೋಸ್ಟ್‌ಜಿಐಎಸ್, ನೆಲವನ್ನು ಚಿಕ್ಕ ಚೌಕಗಳಾಗಿ (ಪಿಕ್ಸೆಲ್) ನೋಡುವ ರಾಸ್ಟರ್.

ಪದರ ಇಪಿಎಸ್‌ಜಿ 4326ರಲ್ಲಿದ್ದರೆ (ಅಕ್ಷಾಂಶ, ರೇಖಾಂಶಗಳನ್ನು ಡಿಗ್ರಿಯಲ್ಲಿ ಹೇಳುವ ವ್ಯವಸ್ಥೆಯ ಸಂಕೇತ) ಯಾವ ದಾರಿಯೂ ನೇರವಾಗಿ ಕೈಹಿಡಿಯದು. ಅಲ್ಲಿ 500 ಅಂದರೆ 500 ಡಿಗ್ರಿ. ಚಿಕ್ಕಮಗಳೂರು, ಹಾಸನ ಎರಡೂ ಮೀಟರ್‌ನಲ್ಲಿ ಅಳೆಯುವ ಯುಟಿಎಂ ವ್ಯವಸ್ಥೆಯ 43 ಉತ್ತರ ವಲಯಕ್ಕೆ ಸೇರುತ್ತವೆ, ಅದರ ಸಂಕೇತ 32643. ಹಾಗಾಗಿ ಪದರವನ್ನೇ 32643ಕ್ಕೆ ರಿಪ್ರೊಜೆಕ್ಟ್ ಮಾಡಿ, ಅಂದರೆ ಅದರ ನಿರ್ದೇಶಾಂಕಗಳನ್ನೇ ಬದಲಿಸಿ. ಪ್ರಾಜೆಕ್ಟ್‌ನ ಸಿಆರ್‌ಎಸ್ (ನಿರ್ದೇಶಾಂಕ ವ್ಯವಸ್ಥೆ) ಮಾತ್ರ ಬದಲಿಸಿದರೆ ಸಾಲದು.

ಕ್ಯೂಜಿಐಎಸ್ ಒಂದು ತಾಲ್ಲೂಕಿನ ಮಟ್ಟಿಗೆ ಸಲೀಸು. ಪದರ ದೊಡ್ಡದಾದಾಗ ಹೊತ್ತು ತಿನ್ನುವುದು ಬಫರ್ ಅಲ್ಲ, ಡಿಸಾಲ್ವ್ ಎಂಬ ಬೆಸೆಯುವ ಹಂತ. ಹಳ್ಳದ ತುಂಡುಗಳ ಬಫರ್‌ಗಳು ಒಂದರ ಮೇಲೊಂದು ಬೀಳುತ್ತವೆ. ಅವನ್ನೆಲ್ಲ ಬೆಸೆದು ಒಂದೇ ಆಕೃತಿ ಮಾಡಲು ಹೋಗಿ ಮೆಮೊರಿ ಮುಗಿಯುತ್ತದೆ. ಮೊದಲು 5 ಮೀಟರ್ ಟಾಲರೆನ್ಸ್‌ನಲ್ಲಿ ಗೆರೆಗಳನ್ನು ಸಿಂಪ್ಲಿಫೈ ಮಾಡಿ (5 ಮೀಟರ್‌ಗಿಂತ ಹೆಚ್ಚು ಸರಿಯದಂತೆ ಬಿಂದುಗಳನ್ನು ಕಡಿಮೆ ಮಾಡಿ), ಡಿಸಾಲ್ವ್ ಇಲ್ಲದೆ ಬಫರ್ ಹಾಕಿ, ಜಿಯೋಪ್ಯಾಕೇಜ್‌ಗೆ ಉಳಿಸಿ. ಇನ್ನೊಂದು ಕಡತ ಬಗೆಯಾದ ಶೇಪ್‌ಫೈಲ್ 2 ಜಿಬಿಗೆ ನಿಂತುಬಿಡುತ್ತದೆ. ಸೆಗ್ಮೆಂಟ್ಸ್ (ಕಾಲು ವೃತ್ತವನ್ನು ಎಷ್ಟು ನೇರ ಗೆರೆಗಳಲ್ಲಿ ಬಿಡಿಸಬೇಕೆಂಬ ಸಂಖ್ಯೆ) 5 ಎಂದೇ ಬಿಟ್ಟರೆ ದುಂಡಗಿನ ತುದಿಗಳಲ್ಲಿ ಅಂಚು 6 ಮೀಟರ್‌ವರೆಗೆ ಒಳಗೆ ಸರಿಯುತ್ತದೆ. 16 ಕೊಟ್ಟರೆ ಅದು ಒಂದು ಮೀಟರ್‌ಗಿಂತ ಕಡಿಮೆ, ಆದರೆ ಬಿಂದುಗಳು ಮೂರು ಪಟ್ಟು ಹೆಚ್ಚುತ್ತವೆ.

ಜಿಲ್ಲೆಯಿಡೀ ಬೇಕಿದ್ದರೆ ಪೋಸ್ಟ್‌ಜಿಐಎಸ್ ಮೇಲು. 5 ಕಿ.ಮೀ. ಚೌಕಗಳ ಗ್ರಿಡ್ ಮಾಡಿ, ಬಫರ್‌ಗಳನ್ನು ಚೌಕಕ್ಕೆ ಕತ್ತರಿಸಿ, ಆಯಾ ಚೌಕದೊಳಗೆ ಆಕೃತಿಗಳನ್ನು ಬೆಸೆಯುವ ಎಸ್‌ಟಿ_ಯೂನಿಯನ್ (ST_Union) ನಡೆಸಿ. ಚೌಕದ ಗೆರೆಗಳು ಉಳಿದರೂ ವಿಸ್ತೀರ್ಣದ ಲೆಕ್ಕ ಕೆಡುವುದಿಲ್ಲ. ಇನ್ನು, ಹಳ್ಳದಿಂದ 500 ಮೀಟರ್ ಒಳಗಿರುವ ಕಾಫಿ ತೋಟಗಳು ಯಾವುವು ಎಂಬುದಷ್ಟೇ ಪ್ರಶ್ನೆಯಾದರೆ ಬಫರ್ ಬೇಡವೇ ಬೇಡ, ಇಷ್ಟು ದೂರದೊಳಗೆ ಇದೆಯೇ ಎಂದಷ್ಟೇ ನೋಡುವ ಎಸ್‌ಟಿ_ಡಿವಿತಿನ್ (ST_DWithin) ಸಾಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಬದಲಿಗೆ ದೂರ ಅಳೆಯುವ ಎಸ್‌ಟಿ_ಡಿಸ್ಟೆನ್ಸ್ (ST_Distance) 500ಕ್ಕಿಂತ ಕಡಿಮೆ ಎಂದು ಬರೆದರೆ, ಹುಡುಕಾಟವನ್ನು ಚುರುಕಾಗಿಸುವ ಜಿಸ್ಟ್ (GiST) ಇಂಡೆಕ್ಸ್ ಬಳಕೆಯಾಗುವುದಿಲ್ಲ. ಕ್ವೆರಿಯೊಳಗೇ ರಿಪ್ರೊಜೆಕ್ಟ್ ಮಾಡುವ ಎಸ್‌ಟಿ_ಟ್ರಾನ್ಸ್‌ಫಾರ್ಮ್ (ST_Transform) ಹಾಕಿದರೂ ಅದೇ ಗತಿ. 32643ರ ಕಾಲಂ ಬೇರೆ ಇಟ್ಟು ಅದಕ್ಕೆ ಇಂಡೆಕ್ಸ್ ಕಟ್ಟಿ.

100, 200, 500 ಮೀಟರ್ ಪಟ್ಟಿಗಳು ಒಟ್ಟಿಗೆ ಬೇಕಾದಾಗ ರಾಸ್ಟರ್ ಗೆಲ್ಲುತ್ತದೆ. ಗೆರೆಗಳನ್ನು 10 ಮೀಟರ್ ಪಿಕ್ಸೆಲ್‌ಗೆ ರಾಸ್ಟರೈಸ್ ಮಾಡಿ (ಪಿಕ್ಸೆಲ್‌ಗಳಾಗಿ ಬದಲಿಸಿ), ಪ್ರತಿ ಪಿಕ್ಸೆಲ್‌ನಿಂದ ಹತ್ತಿರದ ಹಳ್ಳಕ್ಕೆ ಇರುವ ದೂರ ಲೆಕ್ಕ ಹಾಕುವ ಪ್ರಾಕ್ಸಿಮಿಟಿಯನ್ನು ಒಮ್ಮೆ ನಡೆಸಿದರೆ ಮೂರೂ ಅದರಿಂದಲೇ ಬರುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಸುಮಾರು 7,200 ಚದರ ಕಿ.ಮೀ.ಗೆ 7.2 ಕೋಟಿ ಪಿಕ್ಸೆಲ್, ಸಾಮಾನ್ಯ ಲ್ಯಾಪ್‌ಟಾಪ್‌ಗೆ ಭಾರವಲ್ಲ. ದೂರದ ಮಾನ ಪಿಕ್ಸೆಲ್ ಎಂದಿದ್ದರೆ 500 ಮೀಟರ್ ಇದ್ದಲ್ಲಿ 50 ಬರುತ್ತದೆ, ಮೊದಲೇ ನೋಡಿಕೊಳ್ಳಿ. 30 ಮೀಟರ್ ಬಫರ್‌ಗೆ ಮಾತ್ರ ಈ ದಾರಿ ಬೇಡ, ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ.

ಮೂರರಲ್ಲೂ ಕಣ್ಣಿಗೆ ಬೀಳದೆ ನುಸುಳುವ ತಪ್ಪು ಇನ್ನೊಂದಿದೆ: ಪದರವನ್ನು ಜಿಲ್ಲೆಯ ಗಡಿಗೆ ಮೊದಲೇ ಕತ್ತರಿಸುವುದು. ಹಾಸನ ಜಿಲ್ಲೆಯ ಸಕಲೇಶಪುರದ ಕಡೆಯ ಹಳ್ಳದ ಬಫರ್ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ತೋಟಕ್ಕೂ ಚಾಚುತ್ತದೆ. ಗಡಿಯಾಚೆ 500 ಮೀಟರ್ ಸೇರಿಸಿಕೊಂಡು ಬಫರ್ ಹಾಕಿ, ಕತ್ತರಿಸುವುದು ಆಮೇಲೆ.